ಅಮೋಸ್ ಗ್ರೀರ್ ಗೆದ್ದ ನೆಲ

ಸ್ಟಾಫರ್ಡ್, ಟೆಕ್ಸಾಸ್
ಭಾನುವಾರ, ೯ ಮಾರ್ಚ್ ೨೦೨೫

ಸಾನ್ವಿಯ ಅಪ್ಪನಿಗೆ ಗುರವ್ವನ ನಮಸ್ಕಾರ.

ಆಸ್ಟಿನ್‌ಗೆ ಹೋದ ಮೇಲೆ ಬೆನ್ನುನೋವು ಹೇಗಿದೆ? ಹೋಟೆಲಿನ ಹಾಸಿಗೆ ಮೆತ್ತಗಿದ್ದರೆ ನೆಲದ ಮೇಲೆ ಮಲಗಿ, ಮರ್ಯಾದೆಯೇನೂ ಹೋಗುವುದಿಲ್ಲ. ಸಾನ್ವಿ ಆರಾಮ. ರೊಟ್ಟಿ ಅಂದರೆ "ನಾಟ್ ಅಗೇನ್, ಅವ್ವ" ಅನ್ನುತ್ತಾಳೆ, ಶೇಂಗಾ ಚಟ್ನಿ ಇಟ್ಟರೆ ಎರಡು ತಿನ್ನುತ್ತಾಳೆ. ಫೋನಿನಲ್ಲಿ ನೀವು ನನ್ನ ಮಾತು ಮುಗಿಸಲು ಬಿಡುವುದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀವು ಅಧ್ಯಕ್ಷರಾಗಿರುವ ನಮ್ಮ ಬಡಾವಣೆಯ ಸಂಘ ಪಾರ್ಕಿಂಗ್ ಮಾಡಲು ಹೊರಟಿದೆಯಲ್ಲ, ಆ ಹಿಂದಿನ ಜಾಗಕ್ಕೆ ಹೋಗಿದ್ದೆ. "ಹಳೇ ಕಲ್ಲಷ್ಟೇ ಅದಾವ" ಅಂದಿದ್ದಿರಿ. ಅವು ಗೋರಿಗಳು. ಒಂದರ ಕೆಳಗೆ ಅಮೋಸ್ ಗ್ರೀರ್ ಮಲಗಿದ್ದಾರೆ. ಅವರ ವಂಶದ ಹ್ಯಾಟಿ ಆಂಟಿ, ರಿಟೈರ್ಡ್ ಟೀಚರ್, ಕಳೆದ ಭಾನುವಾರ ಅಲ್ಲಿ ಹುಲ್ಲು ಕೀಳುತ್ತ ಎಲ್ಲ ಹೇಳಿದರು. ಗ್ರೀರ್ ಹುಟ್ಟಿದ್ದು ಗುಲಾಮನಾಗಿ. ಓದಿದರೆ ಬಾರುಕೋಲಿನ ಏಟು ಬೀಳುತ್ತಿದ್ದಾಗ ಕದ್ದು ಓದಿದರು. ಬಿಡುಗಡೆಯಾದ ಮೇಲೆ ವಕೀಲರಾದರು, ಶಾಸನಸಭೆಗೆ ಆರಿಸಿ ಹೋದರು, ನೀವೀಗ ಕೂತಿರುವ ಅದೇ ಆಸ್ಟಿನ್‌ಗೆ. ಮುಂದಿನ ಚುನಾವಣೆಯಲ್ಲಿ ಬಂದೂಕು ಹಿಡಿದವರು ಕರಿಯರನ್ನು ಮತಗಟ್ಟೆಗೆ ಬಿಡಲಿಲ್ಲ, ಗ್ರೀರ್ ಸೋತರು. ಬಗ್ಗಲಿಲ್ಲ ಪುಣ್ಯಾತ್ಮ. ವಾಪಸು ಬಂದು ಕರಿಕೋಟು ತೊಟ್ಟು, ತನ್ನ ಜನರ ಹೆಣಗಳಿಗೆ ನೆಲ ಬೇಕೆಂದು ಕೋರ್ಟಿನಲ್ಲಿ ವಾದಿಸಿದರು. ಬಿಳಿಯರ ಸ್ಮಶಾನದಲ್ಲಿ ಅವರಿಗೆ ಜಾಗವಿರಲಿಲ್ಲ. ಗೆದ್ದ ನೆಲ ಇದೇ. ಇಂಥವರ ಎದೆಯ ಮೇಲೆ ನಾವು ಕಾರು ನಿಲ್ಲಿಸಬೇಕೇ?

ನಿಮ್ಮ ಕಾಕಿ ದುರ್ಗವ್ವ ಸತ್ತಾಗ ಊರವರು ಕೇರಿಯ ಹೆಣವೆಂದು ಹೂಳಲು ಬಿಡಲಿಲ್ಲ. ಹೆಣವನ್ನು ತಹಶೀಲ್ದಾರರ ಕಚೇರಿ ಮುಂದೆ ಇಳಿಸಿ ಕೂತೆವು. ಹಲಗಿ ಬಾರಿಸುತ್ತ "ಸತ್ತವರಿಗೂ ಹಕ್ಕೈತಿ" ಎಂದು ಕೂಗಿದವರು ನೀವು. ಲಾಠಿ ಬಂದರೂ ಏಳದ ಆ ಮನುಷ್ಯನನ್ನು ನೋಡಿಯೇ ನಾನು ಮದುವೆಗೆ ಒಪ್ಪಿದ್ದು. ಸಂಘದ ಅಧ್ಯಕ್ಷರನ್ನು ನೋಡಿ ಅಲ್ಲ.

ಮಾತ್ರೆ ಮರೆಯಬೇಡಿ, ಆ ಸಿಟ್ಟನ್ನೂ ಮರೆಯಬೇಡಿ. ಸಾನ್ವಿಯ ಮುತ್ತು ನಿಮಗೆ.

ನಿಮ್ಮ
ಗುರವ್ವ

ತಾ.ಕ.: ನಿನ್ನೆ ಸಂಘದ ಸಭೆಯಲ್ಲಿ ಓಟಾಯಿತು. ಮನೆಗೊಂದೇ ಓಟು. "ನನ್ನ ಪರವಾಗಿ ಪಾರ್ಕಿಂಗ್‌ಗೆ ಕೈ ಎತ್ತಿ ಬಾ" ಎಂದು ಹೇಳಿ ಹೋಗಿದ್ದಿರಿ. ನಿಮ್ಮ ಹೆಸರು ಕರೆದಾಗ ಬೇಡ ಅನ್ನುವವರ ಜೊತೆ ಎತ್ತಿದೆ. ಅಧ್ಯಕ್ಷರ ಮನೆಯವರೇ ಬೇಡ ಅಂದರಲ್ಲ ಎಂದು ಸುಮ್ಮನಿದ್ದವರೂ ಎತ್ತಿದರು. ಪಾರ್ಕಿಂಗ್ ಠರಾವು ಬಿದ್ದುಹೋಯಿತು. ಜಗಳವಿದ್ದರೆ ಶುಕ್ರವಾರ ಬಂದು ಮಾಡಿ. ನಿಮ್ಮ ಹಲಗಿಯನ್ನು ಅಟ್ಟದಿಂದ ಇಳಿಸಿ ಬಿಸಿಲಿಗಿಟ್ಟಿದ್ದೇನೆ.