ಕುರಿ ಎಣಿಸದ ಹುಡುಗಿಗೆ ಹುಣಸೆಬೀಜದ ಶಿಕ್ಷೆ

'ಎಣಿಕೆ ಮಾಸ'ದ ಉಸ್ತುವಾರಿ ಹೊತ್ತಿರುವ ಶಿಕ್ಷಣಾಧಿಕಾರಿಗಳಾದ ಮಾನ್ಯರೇ,

ನಿಮ್ಮ ಟ್ಯಾಬಿನಲ್ಲಿ ನಮ್ಮೂರ ಶಾಲೆಯ ನಾಲ್ಕನೇ ತರಗತಿಯ ರೋಜಾ ಎಂಬ ಹುಡುಗಿ 'ಎಣಿಕೆ ಬಾರದ ಮಗು' ಎಂದು ದಾಖಲಾಗಿದ್ದಾಳೆ. ಅದು ಸುಳ್ಳು. ಆ ಸುಳ್ಳನ್ನು ಬರುವ ಭಾನುವಾರದೊಳಗೆ ಅಳಿಸಿ ಎಂದು ಕೇಳಲು ಈ ಕಾಗದ. ಭಾನುವಾರವೇ ಏಕೆಂದರೆ ಅಂದು ಬೆಳಿಗ್ಗೆ ಅವಳ ಅಪ್ಪ ಉಚ್ಚಂಗೆಪ್ಪ ಕುರಿ ಹೊಡೆದುಕೊಂಡು ಹಲವಾಗಲು ಊರಿನ ಕಡೆಯ ಹೊಳೆದಂಡೆಗೆ ಹೊರಡುತ್ತಾನೆ. ವಾಪಸಾಗುವುದು ಮುಂಗಾರಿನ ಹೊತ್ತಿಗೆ. ಪ್ರತಿವರ್ಷ ಮಗಳನ್ನು ಅಜ್ಜಿಯ ಬಳಿ ಬಿಟ್ಟು ಹೋಗುತ್ತಿದ್ದವನು, ಈ ಸಲ ಹೆಸರು ಅಳಿಸದಿದ್ದರೆ ಅವಳನ್ನೂ ಕರೆದುಕೊಂಡು ಹೋಗುತ್ತೇನೆ ಎಂದಿದ್ದಾನೆ. ಒಮ್ಮೆ ಕುರಿಯ ಹಿಂದೆ ಹೋದ ಹೆಣ್ಣುಮಗು ಮತ್ತೆ ಐದನೇ ತರಗತಿಯ ಬಾಗಿಲಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ನಾನು ನಬೀಸಾಬ್. ಕುರಿ ವ್ಯಾಪಾರಿ, ಹತ್ತನೇ ತರಗತಿ ಪಾಸು, ಊರವರ ಅರ್ಜಿಗಳನ್ನು ಬರೆದುಕೊಟ್ಟು ಊರವರಿಂದಲೇ ಬೈಸಿಕೊಳ್ಳುವವನು, ಜೊತೆಗೆ ಶಾಲಾಭಿವೃದ್ಧಿ ಸಮಿತಿಯ ಅಧ್ಯಕ್ಷ. ಪತ್ರಿಕೆಯಲ್ಲಿ ಅಚ್ಚಾಗುವ ಕಾಗದವಾದ್ದರಿಂದ ನಮ್ಮೂರ ಹೆಸರು ಬರೆಯುವುದಿಲ್ಲ. ಬರೆದರೆ ಮೊದಲ ನೋಟಿಸು ಹೋಗುವುದು ನಮ್ಮ ಮೇಷ್ಟ್ರಿಗೆ ಎಂಬುದು ನನಗೂ ಗೊತ್ತು, ನಿಮಗೂ ಗೊತ್ತು. ಕೂಡ್ಲಿಗಿಗೂ ಕೊಟ್ಟೂರಿಗೂ ನಡುವೆ ಎಲ್ಲೋ ಇದ್ದೇವೆ. ಹುಡುಕಿಕೊಳ್ಳಿ. ಹುಡುಕುವ ನೆಪದಲ್ಲಾದರೂ ನೀವು ನಾಲ್ಕು ಶಾಲೆ ಕಂಡಂತಾಗುತ್ತದೆ.

ದಸರಾ ರಜೆ ಮುಗಿದ ಮೇಲೆ ನಮ್ಮ ಮಕ್ಕಳು ಏನು ಕಲಿಯುತ್ತಿದ್ದಾರೆ ಎಂದು ನಿಮಗೆ ವರದಿ ಬಂದಿರಬೇಕು. ನಾನೂ ಒಂದು ವರದಿ ಕೊಡುತ್ತೇನೆ. 'ನಮ್ಮ ಮನೆಯ ಪ್ರಾಣಿಗಳು' ಎಂಬ ಹಾಳೆಯನ್ನು ಎಲ್ಲ ಮಕ್ಕಳಿಗೂ ಹಂಚಲಾಯಿತು. ಮನೆಯಲ್ಲಿರುವ ಎಮ್ಮೆ, ಕುರಿ, ಆಡು, ನಾಯಿ, ಕೋಳಿ ಮೊದಲಾದವನ್ನು ಎಣಿಸಿ ಬರೆದು ಕೆಳಗೆ ಸ್ತಂಭಾಲೇಖ ಎಳೆಯಬೇಕು. ಆ ಅಂಕಿಗಳನ್ನು ಮೇಷ್ಟ್ರು ಮೊಬೈಲಿನಲ್ಲಿ ತುಂಬಿ ನಿಮ್ಮ ಟ್ಯಾಬಿಗೆ ಕಳಿಸಬೇಕು. ನಾನು ಕಟ್ಟಿಸಿಕೊಂಡ ಹಲ್ಲಿಗೆ ಆ ಪದ ಸುಲಭವಾಗಿ ಬರುವುದಿಲ್ಲ, ಆದರೆ ಅರ್ಥವಾಗುತ್ತದೆ. ನನ್ನ ಮೊಮ್ಮಗಳು ಅಸ್ಫಿಯಾ ಅದೇ ನಾಲ್ಕನೇ ತರಗತಿ. ಅವಳು ಎಮ್ಮೆ ನಾಲ್ಕು, ಆಡು ಆರು, ಕೋಳಿ ಹತ್ತು ಎಂದು ಬರೆದು ಬಣ್ಣ ತುಂಬಿ ಹತ್ತಕ್ಕೆ ಹತ್ತು ಪಡೆದಳು. ಮೇಲೊಂದು ನಕ್ಷತ್ರ. ನಮ್ಮ ಮನೆಯಲ್ಲಿರುವುದು ಎರಡು ಕೋಳಿ, ಹಾಲಿನ ವೇಳೆಗೆ ಮಾತ್ರ ಬರುವ ಒಂದು ಬೆಕ್ಕು. ವ್ಯಾಪಾರದ ಕುರಿಗಳು ಲಾರಿಯಲ್ಲೇ ಬಂದು ಲಾರಿಯಲ್ಲೇ ಹೋಗುತ್ತವೆ. ಎಮ್ಮೆಗಳು ಎಲ್ಲಿಂದ ಬಂದವು ಎಂದು ಕೇಳಿದೆ. ಮನೆಯಲ್ಲಿ ನಾವು ಉರ್ದು ಮಾತಾಡಿದರೂ ಶಾಲೆಯ ವಿಷಯಕ್ಕೆ ಅವಳು ಕನ್ನಡಕ್ಕೇ ಬರುತ್ತಾಳೆ. "ದಾದಾ, ಖಾಲಿ ಬಿಟ್ರ ಮೇಷ್ಟ್ರ ಮೊಬೈಲು ಮುಂದಕ್ಕ ಹೋಗಂಗಿಲ್ಲ" ಎಂದಳು. ಒಂಬತ್ತು ವರ್ಷದ ಮಗು ಇಡೀ ಇಲಾಖೆಯನ್ನು ಒಂದೇ ಸಾಲಿನಲ್ಲಿ ಓದಿ ಮುಗಿಸಿದ್ದಳು. ಅಭಿನಂದನೆ ಸಲ್ಲಬೇಕಾದ್ದು ನಿಮಗೆ.

ಅವಳ ಪಕ್ಕದಲ್ಲಿ ಕೂರುವವಳೇ ರೋಜಾ. ಅವಳು ನಾಯಿ ಮೂರು ಎಂದು ಬರೆದಳು, ಕೋಳಿ ಐದು ಎಂದು ಬರೆದಳು. ಕುರಿಯ ಮುಂದಿನ ಚೌಕವನ್ನು ಖಾಲಿ ಬಿಟ್ಟು, ಹಾಳೆ ತಿರುವಿ, ಹಿಂಬದಿಯ ತುಂಬ ಹೆಸರು ಬರೆದಳು. ಕರಿಮೂತಿ, ಮುರುಕುಗೊಂಬಿ, ಗೆಜ್ಜಿಮರಿ, ಕರಿಮೂತಿಯ ಮಗಳು, ಸಂತೆಯ ದಿನ ಹುಟ್ಟಿದ್ದು, ಹೀಗೆ. ಜಾಗ ಸಾಲದೆ ಅಂಚಿನಲ್ಲೂ ಬರೆದಳು. ನಿಮ್ಮ ಟ್ಯಾಬಿಗೆ ಹೆಸರು ಬೇಕಿಲ್ಲ, ಅಂಕಿ ಬೇಕು. ಆಮೇಲೆ ನಿಮ್ಮ ಕಚೇರಿಯಿಂದ ಪರೀಕ್ಷಕರೊಬ್ಬರು ಬಂದು, ನಿಮ್ಮ ಮನೆಯಲ್ಲಿ ಎಷ್ಟು ಕುರಿ ಇವೆ ಎಂದು ಅವಳನ್ನು ಮೂರು ಸಲ ಕೇಳಿದರು. ಮೂರು ಸಲವೂ ಅವಳು ನೆಲ ನೋಡಿದಳು. ನಾಲ್ಕನೇ ಸಲ ಕೇಳಲು ಅವರಿಗೆ ವೇಳೆ ಇರಲಿಲ್ಲ, ಇನ್ನೂ ಮೂರು ಶಾಲೆ ಮುಗಿಸಬೇಕಿತ್ತು.

ಅವಳೇಕೆ ಬಾಯಿ ಬಿಡಲಿಲ್ಲ ಎಂಬುದನ್ನು ಅವರು ಅಲ್ಲಿದ್ದ ಯಾರನ್ನು ಕೇಳಿದ್ದರೂ ತಿಳಿಯುತ್ತಿತ್ತು. ಆ ಮನೆಯವರು ಕುರಿಯನ್ನು ಒಂದು, ಎರಡು ಎಂದು ಎಣಿಸುವುದಿಲ್ಲ. ಎಣಿಸಿದರೆ ಮಂದೆಗೂ ಒಳ್ಳೆಯದಲ್ಲ, ಎಣಿಸಿದವರಿಗೂ ಒಳ್ಳೆಯದಲ್ಲ ಎಂದು ನಂಬಿಕೊಂಡು ಬಂದಿದ್ದಾರೆ. ಬೇರೆ ಕುರಿಗಾರರ ಮಾತು ನನಗೆ ಬೇಡ, ಈ ಮನೆಯದು ಹೀಗೆ. ಮೂವತ್ತು ವರ್ಷದ ಹಿಂದೆ ಮೊದಲ ಸಲ ಅವರಲ್ಲಿ ವ್ಯಾಪಾರಕ್ಕೆ ಹೋದಾಗ ನಾನೂ ಬೆರಳು ಚಾಚಿ ಎಣಿಸಲು ಶುರುಮಾಡಿದ್ದೆ. ರೋಜಾಳ ಅಜ್ಜಿ ತಿಪ್ಪೇರುದ್ರಮ್ಮ ಕೈಯಲ್ಲಿದ್ದ ಕೋಲನ್ನು ನನ್ನ ಬೆರಳಿಗೆ ಅಡ್ಡ ಹಿಡಿದು, "ಬೊಟ್ಟು ಮಾಡಿ ಎಣಿಸಬ್ಯಾಡ್ರಿ ಸಾಬ್ರ, ನಮಗ ಆಗಿಬರಂಗಿಲ್ಲ" ಎಂದಳು. ಅಂದಿನಿಂದ ಅವಳು ಹೆಸರು ಹಿಡಿದು ಒಂದೊಂದನ್ನೇ ಹೊರಗೆ ಕರೆಯುತ್ತಾಳೆ, ನಾನು ಬಾಯಿ ಮುಚ್ಚಿಕೊಂಡು ಹಗ್ಗ ಹಾಕುತ್ತೇನೆ.

ಮೂಢನಂಬಿಕೆ ಎನ್ನುತ್ತೀರಿ. ಇರಬಹುದು. ಮಕ್ಕಳೆಷ್ಟು ಎಂದು ಯಾರಾದರೂ ಕೇಳಿದರೆ ನನ್ನ ತಾಯಿಯೂ ಅಲ್ಲಾ ಕೊಟ್ಟಷ್ಟು ಎನ್ನುತ್ತಿದ್ದಳೇ ಹೊರತು ಏಳು ಎಂದು ಒಮ್ಮೆಯೂ ಹೇಳಲಿಲ್ಲ. ಪರೀಕ್ಷಕರು ಇಳಿದು ಬಂದ ಜೀಪಿನ ಮುಂಬದಿಯಲ್ಲಿ ಒಂದು ನಿಂಬೆಹಣ್ಣು, ಏಳು ಮೆಣಸಿನಕಾಯಿ ತೂಗಾಡುತ್ತಿದ್ದವು. ಮೆಣಸಿನಕಾಯಿ ಏಳೇ ಇದ್ದವು, ಶಾಲೆಯ ಅಂಗಳದಲ್ಲಿ ನಿಂತು ನಾನೇ ಎಣಿಸಿದೆ. ಅದು ಯಾವ ತರಗತಿಯ ವಿಜ್ಞಾನ ಪಾಠದಲ್ಲಿ ಬರುತ್ತದೆ, ದಯವಿಟ್ಟು ತಿಳಿಸಿ.

ಹೋಗಲಿ, ಎಣಿಸುವುದರಿಂದ ನನಗೇನು ಸಿಕ್ಕಿತು ಎಂಬುದನ್ನೂ ಕೇಳಿ. ಇದೇ ದಸರಾ ರಜೆಯಲ್ಲಿ ಅವರು ಕುರಿ ಕೂಡುವ ಮುಳ್ಳುಬೇಲಿಯ ರೊಪ್ಪದ ಮುಂದೆಯೇ ಲಾರಿ ನಿಲ್ಲಿಸಿ ಮೂರು ಮನೆಗಳ ಮರಿಗಳನ್ನು ತುಂಬಿಸುತ್ತಿದ್ದೆ. ಎಲ್ಲ ಗಲಿಬಿಲಿ, ಧೂಳು. ಹತ್ತಿಸಿದ ಮೇಲೆ ಎಣಿಸಿದೆ, ಲೆಕ್ಕ ಸರಿಯಿತ್ತು. ಇನ್ನೊಮ್ಮೆ ಎಣಿಸಿದೆ, ಆಗಲೂ ಸರಿಯಿತ್ತು. ಬೇಲಿಯ ಬಳಿ ನಿಂತಿದ್ದ ರೋಜಾ, "ಸಾಬಜ್ಜ, ನಮ್ಮ ಗೆಜ್ಜಿಮರಿ ನಿಮ್ಮ ಲಾರ್ಯಾಗ ಐತಿ. ನಿಮ್ಮದೊಂದು ನಮ್ಮ ರೊಪ್ಪದಾಗ ಐತಿ" ಎಂದಳು. ನಾನು ನಕ್ಕೆ, ಲೆಕ್ಕ ಸರಿ ಇದೆಯಲ್ಲೇ ಹುಡುಗಿ ಎಂದೆ. ಅವಳು ಲಾರಿಯ ಹಿಂದೆ ಹೋಗಿ ಗೆಜ್ಜಿಮರಿ ಎಂದು ಒಮ್ಮೆ ಕೂಗಿದಳಷ್ಟೇ. ಒಳಗಿಂದ ಒಂದು ಮರಿ ಉಳಿದವುಗಳ ಬೆನ್ನ ಮೇಲೆ ಹತ್ತಿ ಹಲಗೆಯವರೆಗೆ ಬಂದು ಅರಚಿತು. ನನ್ನ ಕಡೆಯ ಎಣಿಕೆ ಸರಿ, ಅವರ ಕಡೆಯದೂ ಸರಿ, ಅದಲುಬದಲಾದದ್ದು ಕುರಿ. ನಾನು ಇಡೀ ದಿನ ಎಣಿಸುತ್ತ ಕೂತಿದ್ದರೂ ಅದು ತಿಳಿಯುತ್ತಿರಲಿಲ್ಲ.

ಈಗ ಹೇಳಿ. ನಮ್ಮ ಶಾಲೆಯಲ್ಲಿ ನಲವತ್ತೊಂದು ಮಕ್ಕಳಿದ್ದಾರೆ ಎಂದು ನಿಮ್ಮ ಟ್ಯಾಬು ಹೇಳುತ್ತದೆ. ಹಾಜರಿಯೂ ನಲವತ್ತೊಂದು, ಬಿಸಿಯೂಟದ ತಟ್ಟೆಯೂ ನಲವತ್ತೊಂದು, ಎಲ್ಲ ತಾಳೆ. ಇಲ್ಲದ ಎಮ್ಮೆ ಬರೆದವಳು ಜಾಣೆಯರ ಪಟ್ಟಿಯಲ್ಲಿ, ಇರುವ ಕುರಿಯೆಲ್ಲವನ್ನೂ ಮುಖ ನೋಡಿ ಬಲ್ಲವಳು ದಡ್ಡರ ಪಟ್ಟಿಯಲ್ಲಿ ಸೇರಿಹೋಗಿದ್ದು ನಿಮ್ಮ ಯಾವ ಮೊತ್ತದಲ್ಲಿ ಕಾಣುತ್ತದೆ?

ಅವಳಿಗೆ ಎಣಿಕೆ ಬರುತ್ತದೆಯೋ ಇಲ್ಲವೋ ಎಂಬ ಅನುಮಾನ ನಿಮಗೆ ಉಳಿಯಬಾರದು. ಕುರಿಯೊಂದನ್ನು ಬಿಟ್ಟು ಏನು ಕೊಟ್ಟರೂ ಎಣಿಸುತ್ತಾಳೆ. ಹದಿನೇಳರ ಮಗ್ಗಿಯನ್ನು ಮೇಲಿಂದ ಕೆಳಗೂ ಕೆಳಗಿಂದ ಮೇಲೂ ಹೇಳುತ್ತಾಳೆ, ನಾನು ತಡವರಿಸಿದ ಕಡೆ ತಿದ್ದುತ್ತಾಳೆ. ಇದನ್ನೇ ಹೇಳಲು ಮೇಷ್ಟ್ರು ಎರಡು ಸಲ ನಿಮ್ಮ ಕಚೇರಿಗೆ ಬಂದರು. ನಾನು ಲಿಖಿತವಾಗಿ ಕೊಟ್ಟೆ. ಉತ್ತರ ಬಂತು, ಸುಂದರ ಕನ್ನಡದಲ್ಲಿ: 'ಖಾಲಿ ಬಿಟ್ಟ ಕಲಂ ಭರ್ತಿಯಾಗದ ಹೊರತು ಮರುಪರಿಶೀಲನೆಗೆ ಅವಕಾಶವಿರುವುದಿಲ್ಲ. ಸದರಿ ಮಗುವಿಗೆ ತೊಂಬತ್ತು ದಿನಗಳ ಪರಿಹಾರ ಬೋಧನೆ ಕಡ್ಡಾಯ.' ಆ ಬೋಧನೆ ಏನೆಂದರೆ ಒಂದನೇ ತರಗತಿಯ ಚಾಪೆಯ ಮೇಲೆ ಕೂತು ಒಂದರಿಂದ ಒಂಬತ್ತರವರೆಗೆ ಹುಣಸೆಬೀಜ ಜೋಡಿಸುವುದು. ನಾನು ಹೋಗಿ ನೋಡಿದೆ. ಮೂಗು ಸೋರುವ ಚಿಕ್ಕಮಕ್ಕಳ ನಡುವೆ ಮೊಣಕಾಲು ಎದೆಗೆ ತಂದುಕೊಂಡು ಕೂತಿದ್ದಳು. ನನ್ನನ್ನು ಕಂಡು ಬೀಜಗಳನ್ನು ಲಂಗದ ಕೆಳಗೆ ಮುಚ್ಚಿಕೊಂಡಳು.

ನಾಚಿಕೆ ಬಿಟ್ಟು ಹೇಳುತ್ತೇನೆ, ಅಸ್ಫಿಯಾ ಮಾಡಿದ್ದನ್ನೇ ಮಾಡು, ಯಾವುದಾದರೂ ಒಂದು ಅಂಕಿ ಗೀಚಿಬಿಡು ಎಂದು ಅವಳಿಗೆ ಬುದ್ಧಿ ಹೇಳಿದವನು ನಾನೇ. ಅವಳು ಸ್ವಲ್ಪ ಯೋಚಿಸಿ, ಕಡಿಮೆ ಬರೆದರೆ ಉಳಿದ ಕುರಿ ಎಲ್ಲಿಗೆ ಹೋಗಬೇಕು ಎಂದು ಕೇಳಿದಳು. ಅಪ್ಪನಿಗೆ ವಿಷಯ ತಿಳಿದದ್ದು ಆಮೇಲೆ. ಉಚ್ಚಂಗೆಪ್ಪ ಕೂಗಾಡುವ ಮನುಷ್ಯನಲ್ಲ. ಒಂಬತ್ತರ ತನಕ ಎಣಿಸುವುದಕ್ಕೆ ಶಾಲೆ ಯಾಕೆ, ಹೊಳೆದಂಡೆಯಲ್ಲಿ ನಾನೇ ಕಲಿಸುತ್ತೇನೆ ಎಂದು ಹೇಳಿ ಎದ್ದುಹೋದ.

ಮೊನ್ನೆ ತಿಪ್ಪೇರುದ್ರಮ್ಮ ನಮ್ಮ ಮನೆಯವರೆಗೆ ನಡೆದು ಬಂದಳು. ಮೊಣಕಾಲು ನೋವಿನ ಹೆಂಗಸು, ಕಟ್ಟೆಯ ಮೇಲೆ ಕೂತು ಬಹಳ ಹೊತ್ತು ಸುಧಾರಿಸಿಕೊಂಡಳು. ಆಮೇಲೆ ಹೇಳಿದಳು: "ಆ ಚೌಕ ತುಂಬಬೇಕು ಹೌದಿಲ್ರಿ? ಶನಿವಾರ ಸಂಜಿಮುಂದ ಕುರಿ ಬಂದಾಗ ನಾನ ಎಣಿಸ್ತೀನಿ, ನೀವು ಬರಕೊಳ್ರಿ. ಆ ಕೂಸಿನ ಬಾಯಿಲೆ ಬ್ಯಾಡ. ಏನರ ಆಗೋದಿದ್ರ ನನಗ ಆಗ್ಲಿ." ಎಪ್ಪತ್ತು ವರ್ಷ ಎಣಿಸದ ಬಾಯಿ ಅದು. ಬೇಡ ಅಕ್ಕ ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ, ಪೆನ್ನು ತರುವುದನ್ನು ಮರೆಯಬೇಡಿ ಎಂದು ಹೇಳಿ ಹೋದಳು.

ಈ ಮಾತು ರೋಜಾಳ ಕಿವಿಗೆ ಬಿತ್ತು. ಇಂದು ಬೆಳಿಗ್ಗೆ ಅವಳು ಬಂದು ತನ್ನ ಪುಸ್ತಕಗಳನ್ನೆಲ್ಲ ನನ್ನ ಮುಂದೆ ಇಟ್ಟಳು. ಎಲ್ಲಕ್ಕೂ ರಟ್ಟು ಹಾಕಿದ್ದಳು, ಗಣಿತದ್ದಕ್ಕೆ ಎರಡು ರಟ್ಟು. "ಇವನ್ನ ಮೇಷ್ಟ್ರಿಗೆ ಕೊಡ್ರಿ ಸಾಬಜ್ಜ. ನಾನ ಕುರಿ ಹಿಂದ ಹೊಕ್ಕೀನಿ. ನಮ್ಮ ಅಜ್ಜಿಗೆ ಎಣಿಸಬ್ಯಾಡ ಅಂತ ಹೇಳ್ರಿ" ಎಂದಳು. ಅಳಲಿಲ್ಲ. ಅವಳು ಹೋದ ಮೇಲೆ ಅತ್ತವನು ನಾನು, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ.

ಆದ್ದರಿಂದ ಮೇಲೆ ಬರೆದ ಗಡುವಿಗೆ ಒಂದು ತಿದ್ದುಪಡಿ ಇದೆ. ಭಾನುವಾರದವರೆಗೆ ಕಾಯಬೇಡಿ. ಶನಿವಾರ ಸಂಜೆ ಕುರಿಗಳು ರೊಪ್ಪಕ್ಕೆ ಬರುವುದರೊಳಗೆ ಅವಳ ಹೆಸರು ಆ ಪಟ್ಟಿಯಿಂದ ಹೋಗಬೇಕು, ಹೋಯಿತೆಂದು ಮೇಷ್ಟ್ರಿಗೆ ಫೋನು ಬರಬೇಕು. ನಿಮ್ಮ ಒಂದು ಚೌಕಕ್ಕಾಗಿ ಅಜ್ಜಿ ತನ್ನ ಜೀವವನ್ನೇ ಮುಂದೆ ಇಟ್ಟಿದ್ದಾಳೆ. ಅಜ್ಜಿಗಾಗಿ ಮೊಮ್ಮಗಳು ತನ್ನ ಶಾಲೆಯನ್ನು ತಂದು ನನ್ನ ಮುಂದೆ ಇಟ್ಟಿದ್ದಾಳೆ. ನಿಮ್ಮಿಂದ ನಾವು ಕೇಳುತ್ತಿರುವುದು ಟ್ಯಾಬಿನ ಮೇಲೆ ಒಂದು ಸಲ ಬೆರಳು ಒತ್ತುವುದನ್ನು. ಪುಸ್ತಕಗಳನ್ನು ನಾನು ಮೇಷ್ಟ್ರಿಗೆ ಕೊಟ್ಟಿಲ್ಲ. ಕೊಡುವುದೂ ಇಲ್ಲ.

ಇಂತಿ,
ಈ ಕಾಗದ ಅಚ್ಚಾದ ಮೇಲೂ ಅಧ್ಯಕ್ಷನಾಗಿ ಉಳಿಯುವ ಭರವಸೆಯಿಲ್ಲದ,
ನಬೀಸಾಬ್