ಗೌತಮಿಯ ಅಂಗಾಲು

ಮಾರ್ಚ್ ೫, ಗುರುವಾರ. ಗಜೇಂದ್ರಗಡ, ಮಠದ ಪಡಸಾಲೆ.

ಗೌತಮಿಯ ಕಾಲು ಕಣ್ಣ ಮುಂದಿನಿಂದ ಹೋಗುತ್ತಿಲ್ಲ. ಅಣ್ಣನ ಮಗಳು, ತಾಯಿ ಬೇನೆಯಿಂದ ಎದ್ದರೆ ಬರಿಗಾಲಲ್ಲಿ ಶ್ರೀಶೈಲಕ್ಕೆ ನಡೆಯುತ್ತೇನೆಂದು ಹರಕೆ ಹೊತ್ತವಳು. ರೋಣ ದಾಟುವಾಗ ಅಂಗಾಲಲ್ಲಿ ಗುಳ್ಳೆ ಎದ್ದಿತು. ಅಬ್ಬಿಗೇರಿಯಲ್ಲಿ ನಾನೇ ಸೂಜಿ ಹಾಯಿಸಿ, ನೀರು ಇಳಿಯಲೆಂದು ದಾರವನ್ನು ಗುಳ್ಳೆಯೊಳಗೇ ಬಿಟ್ಟು, ‘ಇಂಥಾವು ಭಾಳ ಕಂಡೇನಿ ತಗೋ’ ಎಂದು ಎಲ್ಲರೆದುರು ಮೀಸೆ ತಿರುವಿದೆ. ಈಗ ಪಾದ ಬಾತು ಕೆಂಪಾಗಿದೆ, ಮೈ ಸುಡುತ್ತಿದೆ.

ಶ್ರೀಶೈಲ ಮಲ್ಲಯ್ಯನ ಕಂಬಿಯನ್ನು, ಆ ದೇವರ ಕಾವಡಿಯನ್ನು, ಹೆಗಲ ಮೇಲೆ ಹೊತ್ತು ನಮ್ಮನ್ನು ನಡೆಸುವ ಅರ್ಜುನಪ್ಪ ಅಂದ: ‘ತಂಗಿ, ನಾಳಿ ದವಾಖಾನಿಗಿ ಹೋಗು. ಮಲ್ಲಯ್ಯ ಸಿಟ್ಟಾಗಂಗಿಲ್ಲ.’

‘ಒಲ್ಲೆರಿ. ನಮ್ಮ ಮನಿತನದಾಗ ಯಾರೂ ಅರ್ಧಾ ಹಾದಿಗೆ ತಿರುಗಿಲ್ಲಂತ ಕಾಕಾನ ಹೇಳ್ಯಾರ,’ ಅಂದಳು.

ಹೇಳಿದ್ದು ಹೌದು. ಶಿರೋಳ ಬಿಟ್ಟಾಗಿನಿಂದ ಹೇಳುತ್ತಲೇ ಬಂದಿದ್ದೇನೆ. ಈಗ ನಾನೇ ಬೇಡವೆಂದರೂ ಕೇಳುತ್ತಿಲ್ಲ.

ನಮ್ಮ ತಂಡದಲ್ಲಿ ಒಂದು ಕಟ್ಟಳೆ ಇದೆ. ಹಿರಿಯರು ಹಾದಿಯಲ್ಲಿ ಕುಸಿದರೆ ಮನೆಯವರೊಬ್ಬರು ಜೊತೆಗೆ ಉಳಿಯಬೇಕು. ಹಾಗೆ ಉಳಿದವರ ಹರಕೆ ಮಲ್ಲಯ್ಯನಿಗೆ ಮುಟ್ಟಿದಂತೆಯೇ. ನನಗೆ ಇಲ್ಲಿ ಅವಳ ಹೊರತು ಮನೆಯವರು ಯಾರೂ ಇಲ್ಲ.

ಬೆಳಿಗ್ಗೆ ಕಂಬಿ ಎತ್ತುವ ಹೊತ್ತಿಗೆ ಮೊಣಕಾಲು ಹಿಡಿದುಕೊಂಡಿತೆಂದು ಕುಸಿದು ಕೂಡಬೇಕು. ‘ಗೌತಮಿ, ನನ್ನ ದವಾಖಾನಿಗಿ ಕರಕೊಂಡ ನಡಿಯವಾ’ ಅನ್ನಬೇಕು. ಅರ್ಜುನಪ್ಪ ನಗುತ್ತಾನೆ. ಊರ ಕಟ್ಟೆಯ ಮೇಲೆ ವರ್ಷಗಟ್ಟಲೆ ನಗುತ್ತಾರೆ. ನಗಲಿ. ಡಾಕ್ಟರ ಮುಂದೆ ಅವಳ ಕಾಲು ಚಾಚಿಸಿದರೆ ಸಾಕು.

ಎಡಗಾಲೋ ಬಲಗಾಲೋ, ಮಲಗುವ ಮುಂಚೆ ಗಟ್ಟಿ ಮಾಡಿಕೊಳ್ಳಬೇಕು. ಮರೆತು ಕಾಲು ಬದಲಿಸಿ ಕುಂಟಿದರೆ ಆ ಹುಡುಗಿ ಕೂಡಲೇ ಹಿಡಿಯುತ್ತಾಳೆ.