ಹಗ್ಗದ ಮೇಲಿನ ಕೌದಿ

ಹೊಸಪೇಟೆ
೨೨ ನವೆಂಬರ್ ೧೯೩೬, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಸುವರ್ಣಮ್ಮನಿಗೆ ನಿನ್ನ ತಂದೆ ದೊಡ್ಡಬಸಪ್ಪ ಮಾಡುವ ಆಶೀರ್ವಾದಗಳು.

'ನಾವೆಲ್ಲ ಇಲ್ಲಿ ಕ್ಷೇಮ' ಎಂಬ ಸಾಲನ್ನು ಮೂವತ್ತು ವರ್ಷ ಮೆಟ್ರಿಯ ಶಾಲೆಯ ಹುಡುಗರಿಗೆ ಹೇಳಿಕೊಟ್ಟವನು ನಾನು. ಇವತ್ತು ಅದನ್ನು ಬರೆಯಲು ಕೈ ಬರುತ್ತಿಲ್ಲ. ನಿನ್ನ ಅಣ್ಣ ಜಂಬಪ್ಪ, ಅತ್ತಿಗೆ ಸಂಗಮ್ಮ, ತೊಟ್ಟಿಲಲ್ಲಿರುವ ಕೂಸು ಚೆನ್ನಾಗಿದ್ದಾರೆ. ನನ್ನ ವಿಷಯ ಮುಂದೆ ಬರೆಯುತ್ತೇನೆ. ನಿನ್ನ ಕಾಗದ ದೀಪಾವಳಿಗೆ ಮೊದಲೇ ಬಂತು. ಉತ್ತರ ತಡವಾದದ್ದಕ್ಕೆ ಕಣ್ಣು ಮಂಜು, ಶಾಯಿ ಮುಗಿದಿತ್ತು ಎಂದು ಏನಾದರೂ ಬರೆದರೆ ನೀನು ನಂಬುತ್ತೀಯೆ. ನಾನು ಹೇಳಿದ್ದನ್ನೆಲ್ಲ ಚಿಕ್ಕಂದಿನಿಂದ ನಂಬಿದವಳು ನೀನು. ಅದಕ್ಕೇ ತಡವಾಯಿತು.

ನಿನ್ನ ಕಾಗದ ನನಗೆ ಬಾಯಿಪಾಠವಾಗಿದೆ. ದಸರೆಯ ರಜೆಗೆ ನಿನ್ನ ಮಗಳು ಮರುಳಿಯನ್ನು ನಿಮ್ಮ ಬಂಡ್ರಿಗೆ ಬಿಡಲು ಬಂದ ಜಂಬಪ್ಪ, 'ಹುಡುಗಿ ಹಾಸಿಗಿ ಒದ್ದಿ ಮಾಡತೈತಿ, ನೋಡ್ಕೋ' ಎಂದು ಹೇಳಿ ಹೋದದ್ದು; ಮರುದಿನ ನೀರು ಎರೆಯುವಾಗ ಅವಳ ಹೊಕ್ಕುಳ ಕೆಳಗೆ ಎರಡು ಸುಟ್ಟ ಬರೆ ಕಂಡದ್ದು; ಕೇಳಿದರೆ 'ಒಲೀ ಮ್ಯಾಲ ಬಿದ್ದೆ' ಎಂದದ್ದು. ಒಲೆಯ ಮೇಲೆ ಬಿದ್ದವರಿಗೆ ಗೆರೆ ಎಳೆದಂತೆ ಸುಡುವುದಿಲ್ಲ ಎಂದು ನೀನು ಬರೆದದ್ದು ಸರಿಯಾಗಿಯೇ ಇದೆ. ಏಳು ವರ್ಷದ ಮಗುವಿಗೆ ಬರೆ ಹಾಕಿಸಿದ ಅತ್ತಿಗೆಯ ಹೊಸ್ತಿಲು ಇನ್ನು ತುಳಿಯುವುದಿಲ್ಲ, ಮರುಳಿಯನ್ನು ಹೊಸಪೇಟೆಯ ಶಾಲೆಗೂ ಕಳಿಸುವುದಿಲ್ಲ ಎಂದಿದ್ದೀಯೆ. ಕೊನೆಗೆ, ದೀಪ ಹಚ್ಚಿದ ಮೇಲೆ ಅವಳಿಗೆ ನೀರು ಕೊಡುತ್ತಿಲ್ಲ, ಬೇವಿನ ಕಷಾಯ ಕುಡಿಸುತ್ತಿದ್ದೇನೆ, ದೇವರ ದಯೆಯಿಂದ ಬಂದಾಗಿನಿಂದ ಒಂದು ದಿನವೂ ಹಾಸಿಗೆ ಒದ್ದೆಯಾಗಿಲ್ಲ ಎಂದೂ ಬರೆದಿದ್ದೀಯೆ.

ಸುವರ್ಣಾ, ಅದು ದೇವರ ದಯೆಯೂ ಅಲ್ಲ, ಬೇವಿನ ಕಷಾಯವೂ ಅಲ್ಲ. ಮರುಳಿ ಇಲ್ಲಿಯೂ ಒಂದು ದಿನ ಹಾಸಿಗೆ ಒದ್ದೆ ಮಾಡಿದವಳಲ್ಲ. ಮಾಡಿದವನು ನಾನು.

ಬರೆದುಬಿಟ್ಟೆ. ಈ ಒಂದು ಸಾಲಿಗಾಗಿ ನಾಲ್ಕು ಹಾಳೆ ಹರಿದಿದ್ದೇನೆ.

ನೀನು ಈ ಮನೆ ನೋಡಿಲ್ಲ, ಆದ್ದರಿಂದ ಮೊದಲಿನಿಂದ ಹೇಳುತ್ತೇನೆ. ಯುಗಾದಿಗೆ ನಾವು ಬಂದು ಸೇರಿದ ಈ ವಠಾರದಲ್ಲಿ ನಮ್ಮದು ಒಂದು ಅಡುಗೆಕೋಣೆ, ಒಂದು ಪಡಸಾಲೆ. ಒಳಗೆ ಜಂಬಪ್ಪ, ಸಂಗಮ್ಮ, ಕೂಸು. ಪಡಸಾಲೆಯಲ್ಲಿ ನಾನು, ಮರುಳಿ. ಅಂಗಳ ನಾಲ್ಕು ಮನೆಗೆ ಸೇರಿದ್ದು. ಬಟ್ಟೆ ಒಣಗಿಸುವ ಹಗ್ಗವೂ ನಾಲ್ಕು ಮನೆಗೆ ಒಂದೇ. ನಮ್ಮ ಸರದಿ ಸೋಮವಾರ ಮತ್ತು ಗುರುವಾರ. ಈ ಎರಡು ದಿನಗಳಲ್ಲಿ ಐದು ಜನರ ಬಟ್ಟೆಯನ್ನು ಸಂಗಮ್ಮ ಹೊಂದಿಸುವುದನ್ನು ನೋಡಿದರೆ ನಾನು ಶಾಲೆಯಲ್ಲಿ ವೇಳಾಪಟ್ಟಿ ಹಾಕುತ್ತಿದ್ದದ್ದು ಮಕ್ಕಳಾಟ. ಸೀರೆ, ದೋತ್ರ, ಹಾಸುವ ಬಟ್ಟೆಗಳನ್ನು ಅಗಸರ ದ್ಯಾಮಕ್ಕ ಬಸವಣ್ಣ ಕಾಲುವೆಗೆ ಒಯ್ದು ಒಗೆದು ಒಣಗಿಸಿ ತರುತ್ತಾಳೆ. ಜಂಬಪ್ಪನಿಗೆ ಗಿರಣಿಗೆ ಹಾಕಿಕೊಂಡು ಹೋಗಲು ಇರುವುದು ಎರಡೇ ಅಂಗಿ. ಒಂದು ಮೈಮೇಲೆ, ಇನ್ನೊಂದು ಹಗ್ಗದ ಮೇಲೆ. ಕೂಸಿನ ಬಟ್ಟೆ ಒಲೆಯ ಮೇಲಿನ ಬಿದಿರು ಗಳದಲ್ಲಿ ಒಣಗುತ್ತದೆ, ಮಳೆ ಹಿಡಿದರೆ ಸಾರಿಗೂ ಅದರ ವಾಸನೆ. ಇಷ್ಟರಲ್ಲಿ ಹಾಸಿ ಹೊದೆಯುವ ದಪ್ಪ ಕೌದಿಗೆ ಜಾಗವೇ ಇಲ್ಲ. ನೆನೆದ ಕೌದಿಯನ್ನು ಹಿಂಡಲು ಇಬ್ಬರು ಬೇಕು, ಒಣಗಲು ಎರಡು ದಿನ ಬೇಕು, ಹಗ್ಗವೆಲ್ಲ ಅದೊಂದಕ್ಕೇ ಬೇಕು.

ಆಷಾಢದಲ್ಲಿ ಒಂದು ಬೆಳಿಗ್ಗೆ ಎದ್ದಾಗ ನನ್ನ ದೋತ್ರ ಒದ್ದೆಯಾಗಿತ್ತು. ಕೌದಿಯೂ ಒದ್ದೆ. ಕೊರಳಲ್ಲಿ ಲಿಂಗದ ಕರಡಿಗೆ, ಕೆಳಗೆ ಈ ಸ್ಥಿತಿ. ಮರುಳಿ ಅದೇ ಕೌದಿಯ ಇನ್ನೊಂದು ತುದಿಯಲ್ಲಿ ಮಲಗಿದ್ದಳು. ನಾನು ಎದ್ದು ಬೇರೆ ದೋತ್ರ ಉಟ್ಟು ಒದ್ದೆಯದನ್ನು ಬಕೀಟಿನಲ್ಲಿ ಅದ್ದಿ, ವಿಭೂತಿ ಹಚ್ಚಿಕೊಂಡು ಕೂತೆ. ಹೇಳಬೇಕೆಂದೇ ಕೂತಿದ್ದೆ, ನಂಬು. ಅಷ್ಟರಲ್ಲಿ ಹಾಸಿಗೆ ಎತ್ತಲು ಬಂದ ಸಂಗಮ್ಮ ನಕ್ಕುಬಿಟ್ಟಳು.

"ಅಯ್ಯ, ಏನವ್ವ ಮರುಳಿ, ಇಷ್ಟು ದೊಡ್ಡಾಕಿ ಆಗಿ!"

"ನಾನಲ್ಲ ಅತ್ತಿ," ಎಂದಳು ಮರುಳಿ.

ನನ್ನ ಬಾಯಿಂದ ಬಂದ ಮಾತೇನು ಗೊತ್ತೆ? "ಸಣ್ಣ ಹುಡುಗಿ, ಬೈಬ್ಯಾಡ ಬಿಡವ್ವ." ನನ್ನ ತಪ್ಪಿಗೆ ಅವಳನ್ನು ಕ್ಷಮಿಸಿ ದೊಡ್ಡ ಮನುಷ್ಯನಾದೆ. ಹೊಲಸು ಬಟ್ಟೆಯಲ್ಲಿ ಬಂದ ಹುಡುಗರನ್ನು ಪ್ರಾರ್ಥನೆಯ ಸಾಲಿನಿಂದ ಹೊರಗೆ ನಿಲ್ಲಿಸುತ್ತಿದ್ದ ಮೇಷ್ಟರು ನಾನು. ದೋತ್ರದ ಮಡಿಕೆ ಮುರಿಯದಂತೆ ಕೂರುವುದರಲ್ಲೇ ಮೂವತ್ತು ವರ್ಷ ಕಳೆದವನು. ಸೊಸೆಯ ಮುಂದೆ ಆ ಮಾತು ಆಡಲು ನಾಲಿಗೆ ಏಳಲಿಲ್ಲ.

ವಾರಕ್ಕೊಮ್ಮೆ ಆಗುತ್ತಿದ್ದದ್ದು ಶ್ರಾವಣದಲ್ಲಿ ದಿನ ಬಿಟ್ಟು ದಿನ ಆಯಿತು. ಮರುಳಿ ಎರಡು ಮೂರು ಸಲ 'ನಾನಲ್ಲ' ಎಂದಳು. ಆಮೇಲೆ ಅದನ್ನೂ ಬಿಟ್ಟಳು. ಯಾರೂ ನಂಬಲಿಲ್ಲವೆಂದು ಬಿಟ್ಟಿರಬೇಕು ಎಂದುಕೊಂಡೆ. ಹಗ್ಗದ ಮೇಲೆ ನಮ್ಮ ಕೌದಿ ಯಾವಾಗಲೂ ಜೋತಾಡುತ್ತಿತ್ತು, ಅದರ ನೀರು ಪಕ್ಕದ ಮನೆ ಎಲ್ಲಮ್ಮನ ಬಟ್ಟೆಗೆ ತೊಟ್ಟಿಕ್ಕುತ್ತಿತ್ತು. ಒಂದು ಮಂಗಳವಾರ ಅವಳು ಕೌದಿಯನ್ನು ಎಳೆದು ನಮ್ಮ ಬಾಗಿಲಿಗೆ ಎಸೆದಳು. "ನಿಮ್ಮ ಹುಡುಗಿ ಉಚ್ಚಿ ನಮ್ಮ ಸೀರಿ ಮ್ಯಾಲ ಯಾಕ ಬೀಳಬೇಕ್ರಿ?" ಎಂದು ಅಂಗಳದಲ್ಲಿ ನಿಂತು ಕೂಗಿದಳು. ಅವತ್ತಿನಿಂದ ವಠಾರದ ಮಕ್ಕಳು ಮರುಳಿಯನ್ನು ಆಟಕ್ಕೆ ಸೇರಿಸಲಿಲ್ಲ. ಒಂದು ಕೆಟ್ಟ ಹೆಸರು ಇಟ್ಟು ಕರೆಯುತ್ತಿದ್ದರು, ಅದನ್ನು ಇಲ್ಲಿ ಬರೆಯಲಾರೆ. ಅವಳು ಹೊಸ್ತಿಲಲ್ಲಿ ಕೂತು ಬಳಪದಲ್ಲಿ ಅಕ್ಷರ ತಿದ್ದುತ್ತಿದ್ದಳು, ನಾನು ಪಕ್ಕದಲ್ಲಿ ಕೂತು 'ಒತ್ತಕ್ಷರ ಸರಿಯಾಗಿ ಬರಿ' ಎನ್ನುತ್ತಿದ್ದೆ.

ಗೊತ್ತಾದದ್ದು ದ್ಯಾಮಕ್ಕ ಒಬ್ಬಳಿಗೇ. ಸಂಗಮ್ಮ ಒಳಗಿದ್ದಾಗ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಮೇಷ್ಟ್ರೆ, ಸಿಟ್ಟಾಗಬ್ಯಾಡ್ರಿ. ಒಗೆಯೋರಿಗೆ ತಿಳೀತೈತ್ರಿ, ಕೂಸಿಂದು ಯಾವುದು, ದೊಡ್ಡೋರದು ಯಾವುದು ಅಂತ. ವಯಸ್ಸಾದ ಮ್ಯಾಲ ಆಗತೈತ್ರಿ, ನಮ್ಮ ಮಾವಗೂ ಆಗಿತ್ತು. ಅಮ್ಮಾರಿಗೆ ನಾ ಹೇಳ್ಲೇನ್ರಿ? ನಿಮಗ ನಾಚಿಕಿ ಆದ್ರ?"

ಎಂಥ ದೊಡ್ಡ ಮನಸ್ಸು ನೋಡು ಅವಳದು. ನಾನು, "ನಿನ್ನ ಕೆಲಸ ನೋಡ್ಕೋ, ಬಾಯಿ ಮಾಡಬ್ಯಾಡ" ಎಂದು ಗದರಿಸಿ ಕಳಿಸಿದೆ. ಮರುದಿನದಿಂದ ನನ್ನ ದೋತ್ರ ಅವಳಿಗೆ ಕೊಡಲಿಲ್ಲ. ಬೆಳಿಗ್ಗೆ ನಾನೇ ಕಾಲುವೆಗೆ ಒಯ್ದು ಒಗೆದುಕೊಂಡು ಬರತೊಡಗಿದೆ. ಇದು ಖಾದಿ, ಸ್ವಾವಲಂಬನೆಯ ಕಾಲವಲ್ಲವೆ, ಎಲ್ಲರೂ ಹೊಗಳಿದರು! ನಿನ್ನ ಅಣ್ಣನಂತೂ ಗಿರಣಿಗೆ ಬಂದವರಿಗೆಲ್ಲ, "ನಮ್ಮಪ್ಪಾರು ಈ ವಯಸ್ಸಿನ್ಯಾಗೂ ತಮ್ಮ ದೋತ್ರ ತಾವ ಒಕ್ಕೊಂತಾರ" ಎಂದು ಹೇಳಿಕೊಂಡು ತಿರುಗಿದ. ಆ ಹೊಗಳಿಕೆಯನ್ನೂ ನಾನು ಕೇಳಿಸಿಕೊಂಡು ಕೂತೆ. ಬೇಡ ಎನ್ನಲಿಲ್ಲ.

ಬರೆಯ ಮಾತು ಮೊದಲು ಎತ್ತಿದವಳು ಎಲ್ಲಮ್ಮ. ಮೆಟ್ರಿಯ ಕಡೆಯ ನಿಂಗಕ್ಕ ಎಂಬ ಮುದುಕಿ ದಬ್ಬಣ ಕಾಯಿಸಿ ಎರಡು ಬರೆ ಎಳೆದರೆ ಎಂಥ ಮಕ್ಕಳದ್ದೂ ನಿಲ್ಲುತ್ತದಂತೆ. ಸಂಗಮ್ಮನಿಗೆ ಮನಸ್ಸಿರಲಿಲ್ಲ, ಇದನ್ನು ನೀನು ತಿಳಿದುಕೊಳ್ಳಬೇಕು. ಎಂಟು ದಿನ ಮುಂದೂಡಿದಳು. ಹಾಲು ಕುಡಿಯುವ ಕೂಸನ್ನು ಕಟ್ಟಿಕೊಂಡು ದಿನಾ ಒಬ್ಬಳೇ ಕೌದಿ ಹಿಂಡಿ ಅವಳ ಮಣಿಕಟ್ಟು ಊದಿಕೊಂಡಿತ್ತು. ಕೊನೆಗೆ ನನ್ನ ಮುಂದೆ ಬಂದು ನಿಂತಳು. "ಸುವರ್ಣಕ್ಕನ ಕೂಸು ಮಾವ, ನನಗ ಕೈಕಾಲು ಆಡವಲ್ವು. ಹಿರಿಯರು ನೀವು, ನೀವ ಹೇಳ್ರಿ. ಬ್ಯಾಡ ಅಂದ್ರ ಬ್ಯಾಡ."

ಬೇಡ ಎಂಬ ಒಂದು ಮಾತು ಸಾಕಿತ್ತು. ಕಾರಣ ಕೂಡ ಹೇಳಬೇಕಾಗಿರಲಿಲ್ಲ. ಆದರೆ ಬೇಡವೆಂದರೆ ಯಾಕೆಂದು ಕೇಳುತ್ತಾಳೆ, ಯಾಕೆಂದು ಕೇಳಿದರೆ ನನ್ನ ಮುಖ ನೋಡುತ್ತಾಳೆ ಎಂಬ ಭಯ. "ನಿನಗ ತಿಳಿದಂಗ ಮಾಡವ್ವ" ಎಂದೆ.

ಆಗ ಭಾದ್ರಪದದ ಕೊನೆ. ನಿಂಗಕ್ಕ ಬಂದಳು, ಬರೆ ಹಾಕಿದಳು. ಆ ಹೊತ್ತಿನ ವಿಷಯ ಇಷ್ಟೇ ಬರೆಯಬಲ್ಲೆ.

ಇನ್ನೂ ನಾಚಿಕೆಯ ಮಾತು ಕೇಳು. ಆಮೇಲೆ ನಾಲ್ಕು ದಿನ ನಾನು ಮಲಗಲಿಲ್ಲ, ಗೋಡೆಗೆ ಒರಗಿ ಕೂತೇ ಬೆಳಗು ಮಾಡಿದೆ. ಕೌದಿ ಒಣಗಿಯೇ ಇತ್ತು. ಬರೆ ಕೆಲಸ ಮಾಡಿತು ಎಂದು ವಠಾರವೆಲ್ಲ ಮಾತಾಡಿತು, ಎಲ್ಲಮ್ಮ ತನ್ನ ಮನೆಯ ಸಜ್ಜೆರೊಟ್ಟಿ ತಂದುಕೊಟ್ಟು ರಾಜಿಯಾದಳು. ಐದನೆಯ ದಿನ ನಿದ್ದೆ ತಡೆಯಲಾಗಲಿಲ್ಲ. ಮತ್ತೆ ಕೌದಿ ಹಗ್ಗಕ್ಕೆ ಬಂತು. ಈಗ ಮೂರನೆಯ ಬರೆ ಬೇಕು ಎಂದಳು ನಿಂಗಕ್ಕ. ರಜೆಗೆ ಇನ್ನೂ ದಿನವಿದ್ದರೂ ಮರುಳಿಯನ್ನು ಜಲ್ದಿ ಬಂಡ್ರಿಗೆ ಬಿಟ್ಟು ಬಾ ಎಂದು ಜಂಬಪ್ಪನ ಬೆನ್ನು ಹತ್ತಿದವನು ನಾನೇ. ನಾನು ಮಾಡಿದ ಒಳ್ಳೆಯ ಕೆಲಸ ಅದೊಂದೇ, ಅದನ್ನೂ ಬಾಯಿ ಬಿಡದೆ ಮಾಡಿದೆ.

ಅವಳು ಹೋದ ಮೇಲೆ ತಪ್ಪು ಹೊರಿಸಲು ಯಾರೂ ಉಳಿಯಲಿಲ್ಲ. ಸೆಕೆ ಎಂದು ಸುಳ್ಳು ಹೇಳಿ ಹೊರಗಿನ ಕಟ್ಟೆಯ ಮೇಲೆ ಗೋಣಿತಟ್ಟು ಹಾಸಿಕೊಂಡು ಮಲಗಿದೆ. ಈ ಚಳಿಯಲ್ಲಿ ಸೆಕೆ ಎಂದರೆ ಯಾರು ನಂಬುತ್ತಾರೆ? ಮೊನ್ನೆ ಶುಕ್ರವಾರ ಸಂಗಮ್ಮ, "ನನ್ನಿಂದ ಏನ ತಪ್ಪಾಗೈತಿ ಮಾವ, ಒಳಗ ಯಾಕ ಬರವಲ್ರಿ?" ಎಂದು ಕಣ್ಣೀರು ಹಾಕಿದಳು. ಹೇಳಿದೆ. ನೆಲ ನೋಡುತ್ತ ಎಲ್ಲ ಹೇಳಿದೆ.

ಅವಳು ಬೈಯುತ್ತಾಳೆಂದುಕೊಂಡಿದ್ದೆ. "ನನ್ನ ಕೈಲಿ ಎಂಥಾ ಕೆಲಸ ಮಾಡಿಸಿದ್ರಿ ಮಾವ," ಎಂದಳು ಅಷ್ಟೆ. ಆಮೇಲೆ ಕಟ್ಟೆಯ ಮೇಲಿದ್ದ ಗೋಣಿತಟ್ಟನ್ನೂ ನನ್ನ ದೋತ್ರವನ್ನೂ ಕಿತ್ತುಕೊಂಡು ಹೋಗಿ ಒಗೆದು, ಎಲ್ಲರೂ ನೋಡುವಂತೆ ಹಗ್ಗದ ಮೇಲೆ ಹಾಕಿದಳು. ಎಲ್ಲಮ್ಮ ಏನೆಂದು ಕೇಳಿದಾಗ, "ನಮ್ಮ ಮಾವಾರದು, ಮೈಯಾಗ ಆರಾಮಿಲ್ಲ. ಕೂಸಿನ ತಪ್ಪು ಏನೂ ಇರಲಿಲ್ಲ" ಎಂದು ಅಂಗಳಕ್ಕೆಲ್ಲ ಕೇಳುವಂತೆ ಹೇಳಿದಳು. ಜಂಬಪ್ಪ ಎರಡು ದಿನದಿಂದ ನನ್ನ ಮುಖ ನೋಡಿ ಮಾತಾಡಿಲ್ಲ. ನಾಳೆ ಡಾಕ್ಟರ ಹತ್ತಿರ ಕರೆದೊಯ್ಯುತ್ತೇನೆ ಎಂದು ಗೋಡೆಗೆ ಹೇಳಿದ.

ಆದ್ದರಿಂದ ಸುವರ್ಣಾ, ಸಿಟ್ಟು ಮಾಡುವುದಿದ್ದರೆ ನನ್ನ ಮೇಲೆ ಮಾಡು. ಸಂಗಮ್ಮನಿಗೆ ಎರಡು ಸಾಲು ಬರಿ, ಅವಳು ಊಟ ಬಿಟ್ಟು ಕೂತಿದ್ದಾಳೆ. ಮರುಳಿಯ ಓದು ನಿಲ್ಲಿಸಬೇಡ. ನಾನಿರುವ ಮನೆಗೆ ಕಳಿಸಲು ಮನಸ್ಸಿಲ್ಲದಿದ್ದರೆ ಕಂಪ್ಲಿಯಲ್ಲಿ ನಿನ್ನ ನಾದಿನಿಯ ಮನೆಯಲ್ಲಿ ಇಡು. ಅಳಿಯಂದಿರಿಗೂ ನಿನ್ನ ಅತ್ತೆಗೂ ನಿಜ ಹೇಳು, ಹುಡುಗಿಗೆ ಆ ಹೆಸರು ಬಂಡ್ರಿಯಲ್ಲಿ ಅಂಟಬಾರದು. ಆ ಕಷಾಯ ಚೆಲ್ಲು. ಈ ಕಾಗದ ಯಾವ ಹೊತ್ತಿಗೆ ತಲುಪಿದರೂ ಮೊದಲು ಎದ್ದು ಹೋಗಿ ಮಗುವಿಗೆ ಹೊಟ್ಟೆ ತುಂಬ ನೀರು ಕೊಡು. ಒಂದು ತಿಂಗಳಿಂದ ಸಂಜೆಗಳಲ್ಲಿ ಬಾಯಾರಿಕೊಂಡು ಮಲಗಿದೆ ಅದು, ನನ್ನ ದೆಸೆಯಿಂದ.

ವಿರೂಪಾಕ್ಷ ನಿನ್ನನ್ನೂ ನಿನ್ನ ಮನೆಯನ್ನೂ ಕಾಯಲಿ. ಮರುಳಿಗೆ ನನ್ನ ಆಶೀರ್ವಾದ ಹೇಳು ಎಂದು ಬರೆಯುವ ಯೋಗ್ಯತೆ ನನಗಿಲ್ಲ, ಆದರೂ ಹೇಳು.

ಇಂತಿ ನಿನ್ನ ತಂದೆ,
ದೊಡ್ಡಬಸಪ್ಪ

ತಾ. ಕ.: 'ಬರೆ ಹಾಕುವಾಗ ನೀನು ಎಲ್ಲಿದ್ದೆಯಪ್ಪಾ?' ಎಂದು ಕೇಳಿದ್ದೀಯೆ. ಅದೊಂದಕ್ಕೆ ಉತ್ತರ ಬರೆಯದೆ ಕಾಗದ ಮಡಿಚಿದ್ದೆ, ಮತ್ತೆ ಬಿಚ್ಚಿದ್ದೇನೆ. ಸಂಗಮ್ಮನ ಕೈಯಲ್ಲಿ ಕೂಸಿತ್ತು. ನಿಂಗಕ್ಕ, "ಯಾರರ ಕಾಲು ಹಿಡೀರಿ, ಹುಡುಗಿ ಒದ್ದಾಡತೈತಿ" ಎಂದಳು. ಹಿಡಿದವನು ನಾನು. ಈ ಎರಡು ಕೈಯಿಂದ, ಎರಡು ಕಾಲನ್ನೂ. ಆದರೆ ಅವಳು ಒದ್ದಾಡಲೇ ಇಲ್ಲ ಸುವರ್ಣಾ. ನನ್ನ ಮುಖ ನೋಡಿ, ನನಗೆ ಮಾತ್ರ ಕೇಳುವಂತೆ ಹೇಳಿದಳು: "ಅಂಜಬ್ಯಾಡ ತಾತ, ನೀನು ಅಂತ ನಾ ಯಾರ ಮುಂದೂ ಹೇಳಂಗಿಲ್ಲ."